ಶೀಲಾಳ ಒಂಬತ್ತು ಪಾಯಿಂಟ್ ಎಂಟು

"ಒಂಬತ್ತು ಪಾಯಿಂಟ್ ಎಂಟಾ?"

ಗುಲ್ನಾರ ಎಷ್ಟು ಜೋರಾಗಿ ಕೂಗಿದಳೆಂದರೆ, ಹಾನಗಲ್ ಬಸ್ ಸ್ಟ್ಯಾಂಡಿನ ಎದುರು ಬಾಳೆಹಣ್ಣು ಮಾರುವವನೂ ತಿರುಗಿ ನೋಡಿದ. ಶೀಲಾ ನಿನ್ನೆಯ ಸವಾರಿಯ ಲೆಕ್ಕವಿದ್ದ ಫೋನು ಕಸಿದುಕೊಂಡು ಎದೆಗೆ ಅವುಚಿಕೊಂಡಳು.

"ಸಾವಕಾಶ ಹೇಳ. ಊರಿಗೆಲ್ಲಾ ಡಂಗುರ ಹೊಡಿತೀಯೇನ?"

"ಅಲ್ಲ ಶೀಲಾ, ನಮ್ಮ ಅಬ್ಬಾನ ಲೂನಾ ಕೆಟ್ಟಾಗ ದೂಡಕೊಂಡು ಬರ್ತಾರಲ್ಲ, ಅದೂ ಇದಕ್ಕಿಂತ ಫಾಸ್ಟ್ ಬರ್ತೈತಿ!"

"ನಗಬ್ಯಾಡ. ನಿಂದೆಷ್ಟು?"

"ಹದಿನಾಲ್ಕು ಪಾಯಿಂಟ್ ಆರು," ಎಂದಳು ಗುಲ್ನಾರ. ಹೇಳಿದ ಮೇಲೆ ಅವಳಿಗೇ ಪಾಪ ಅನಿಸಿತು. ತನ್ನ ಅಜ್ಜನ ಎಲೆ-ಅಡಿಕೆ ಅಂಗಡಿಯ ಡಬ್ಬಿಯಿಂದ ಒಂದು ಚಿಕ್ಕಿ ತೆಗೆದು ಅರ್ಧ ಮುರಿದು ಶೀಲಾಳ ಕೈಗಿಟ್ಟಳು.

ಈ ಪಾಯಿಂಟುಗಳ ಪಂಚಾಯ್ತಿ ಶುರುವಾದದ್ದು ಮೃತ್ಯುಂಜಯ ಸರ್ ಅವರಿಂದ. ಬ್ಯಾಂಕಿನಲ್ಲಿ ಕೆಲಸ ಮಾಡುವ ಅವರಿಗೆ ಸೈಕಲ್ ಹುಚ್ಚು. ಹೆಲ್ಮೆಟ್ಟು, ಮೈಗೆ ಅಂಟುವ ಹಳದಿ ಅಂಗಿ ಹಾಕಿಕೊಂಡು ಅವರು ಮೊದಲ ಸಲ ರಸ್ತೆಗಿಳಿದಾಗ ನಾಯಿಗಳು ಬೊಗಳಿದವು, ಮಂದಿ ನಕ್ಕರು. ಎರಡು ತಿಂಗಳಲ್ಲಿ ನಾಯಿಗಳು ಸುಮ್ಮನಾದವು. ನಕ್ಕ ಮಂದಿಯೇ ಅಟ್ಟದಿಂದ ತಮ್ಮ ಸೈಕಲ್ ಇಳಿಸಿದರು. ಹೀಗೆ ಹಾನಗಲ್ಲಿನಲ್ಲಿ ರವಿವಾರದ ಸೈಕಲ್ ಬಳಗ ಹುಟ್ಟಿತು. ಅದರಲ್ಲಿ ಡಾಕ್ಟರು, ದರ್ಜಿ, ಕಾಲೇಜು ಹುಡುಗರು, ಏಳೆಂಟು ಶಾಲೆ ಮಕ್ಕಳು ಎಲ್ಲರೂ ಇದ್ದರು.

ಬರುವ ರವಿವಾರ ಬಳಗ ಆಡೂರಿಗೆ ಹೊರಟಿತ್ತು. ಅಲ್ಲಿ ಹಳೆಯ ಶಾಸನದ ಕಲ್ಲುಗಳಿವೆ ಎಂದು ಶಾಲೆಯಲ್ಲಿ ಹೇಳಿದ್ದರು. ಆ ಕಲ್ಲಿನಲ್ಲಿ ತಮಗೆ ಓದಲು ಬರುವ ಅಕ್ಷರವನ್ನು ಯಾರು ಮೊದಲು ಹುಡುಕುತ್ತಾರೆ ಎಂದು ಶೀಲಾ, ಗುಲ್ನಾರ ಪೈಪೋಟಿ ಕಟ್ಟಿದ್ದರು. ಐದನೇ ಕ್ಲಾಸಿನಿಂದ ಇಬ್ಬರದೂ ಒಂದೇ ಬೆಂಚು.

ಆದರೆ ಸರ್ ಒಂದು ನಿಯಮ ಮಾಡಿದ್ದರು. ಹತ್ತು ಕಿಲೋಮೀಟರಿನ ಒಂದು ಸವಾರಿಯಲ್ಲಿ ಸರಾಸರಿ ವೇಗ ತಾಸಿಗೆ ಹದಿನಾಲ್ಕು ಬಂದ ಮಕ್ಕಳಿಗೆ ಮಾತ್ರ ಆಡೂರು. ಉಳಿದವರು ಆನೆಕೆರೆಯ ದಂಡೆ ಸುತ್ತಿ ಮನೆಗೆ. "ಬಿಸಿಲು ಏರೂ ಮುಂಚೆ ನಿಮ್ಮನ್ನ ಹೊಳ್ಳಿ ಕರಕೊಂಡು ಬರಬೇಕು. ನಿಮ್ಮ ಅವ್ವಂದಿರು ಬೈಯೋದು ನನಗ," ಎಂದಿದ್ದರು. ಫೋನಿನಲ್ಲಿ ಸೈಕಲ್ ಆ್ಯಪ್ ಹಾಕಿಕೊಂಡು, ಸವಾರಿ ಮಾಡಿ, ಸ್ಕ್ರೀನ್‌ಶಾಟ್ ಕಳಿಸಬೇಕು. ಶುಕ್ರವಾರ ಸಂಜೆ ಆರಕ್ಕೆ ಪಟ್ಟಿ ಬಂದ್.

ಅಂದು ಗುರುವಾರ.

ಶೀಲಾಳ ಮನೆ ಹಾನಗಲ್ಲಿನಿಂದ ಐದು ಕಿಲೋಮೀಟರ್ ದೂರದ ಹಳ್ಳಿಯಲ್ಲಿ. ಅವರದು ಎಲೆಬಳ್ಳಿ ತೋಟ. ದಸರಾ ರಜೆಯಲ್ಲಿ ದಿನಾ ಮುಂಜಾನೆ, ಅಪ್ಪ ಕೊಯ್ದ ವೀಳ್ಯದೆಲೆಯನ್ನು ಬಸ್ ಸ್ಟ್ಯಾಂಡಿನ ಇಸ್ಮಾಯಿಲಸಾಬರ ಅಂಗಡಿಗೆ ಮುಟ್ಟಿಸುವುದು ಶೀಲಾಳ ಕೆಲಸ. ಇಸ್ಮಾಯಿಲಸಾಬರು ಗುಲ್ನಾರಳ ಅಜ್ಜ. ಹೋಗುವುದು ಐದು, ಬರುವುದು ಐದು. ಹತ್ತು ಕಿಲೋಮೀಟರಿನ ಸವಾರಿಗೆ ಬೇರೆ ದಾರಿ ಹುಡುಕುವುದೇ ಬೇಡ.

ಆದರೆ ಎಷ್ಟು ತುಳಿದರೂ ಒಂಬತ್ತು ಪಾಯಿಂಟ್ ಎಂಟು!

"ನಿನ್ನ ಸೈಕಲ್ ಸರಿ ಇಲ್ಲ ಬಿಡು," ಎಂದಳು ಗುಲ್ನಾರ. ಅವಳದು ಗೇರಿನ ಹೊಸ ಸೈಕಲ್. ಶೀಲಾಳದು ಅಕ್ಕನಿಗೆ ಎಂಟನೇ ಕ್ಲಾಸಿನಲ್ಲಿ ಸರಕಾರದಿಂದ ಬಂದ ಸೈಕಲ್. ಅಕ್ಕ ಕಾಲೇಜಿಗೆ ಹೋದ ಮೇಲೆ ಶೀಲಾಳ ಪಾಲಿಗೆ ಬಂದಿತ್ತು.

"ಸೈಕಲ್ ಗಟ್ಟಿ ಐತಿ," ಎಂದಳು ಶೀಲಾ ಬಿಗುಮಾನದಿಂದ.

"ಹಂಗಾದ್ರ ಹೊತ್ತು ಎಲ್ಲಿ ಹೊಕ್ಕೈತಿ? ಇವತ್ತು ಎಲ್ಲೆಲ್ಲಿ ಎಷ್ಟು ಹೊತ್ತು ನಿಲ್ತಿ, ಬರಕೋ ನೋಡೂಣು."

ಅಷ್ಟರಲ್ಲಿ ಪರಮೇಶ ಎಂಬ ಏಳನೇ ಕ್ಲಾಸಿನವನು ಸೈಕಲ್ಲಿನ ಮೇಲೆ ಸುಂಯ್ಯನೆ ಬಂದ. "ಗುಲ್ನಾರ, ಆಡೂರಿಗೆ ಮುಂದಿನ ಸಾಲಿನ್ಯಾಗ ನಾವು ಇರೂದು! ಹದಿನಾಲ್ಕೂವರಿ ಮ್ಯಾಲಿನವರು!" ಎಂದು ಕೂಗಿ ಹಾಗೇ ಹೋದ. ಗುಲ್ನಾರ ಕೈ ಬೀಸಿದಳು. ಶೀಲಾಳ ಬಾಯಲ್ಲಿ ಚಿಕ್ಕಿ ಸಪ್ಪಗಾಯಿತು. ಆಡೂರು ತಪ್ಪಿದರೆ ತಪ್ಪಲಿ. ಗುಲ್ನಾರ ಹೀಗೆ ಬೇರೆಯವರ ಜೊತೆ ಮುಂದೆ ಮುಂದೆ ಹೋಗಿಬಿಟ್ಟರೆ? ಅದೇ ಅವಳ ಹೆದರಿಕೆ.

*

ಮನೆಯ ಮುಂದೆ ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಅಜ್ಜ ಫಕ್ಕೀರಪ್ಪ ಕುಳಿತಿದ್ದ. ಮೂವತ್ತು ವರ್ಷ ಸೈಕಲ್ಲಿನ ಮೇಲೆ ಎಲೆ ಹೊತ್ತವನು ಅವನು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲಿ ಸಂತೆಯೋ ಅಲ್ಲಿ ಅವನ ಸೈಕಲ್. ಈಗ ಎರಡು ಮೊಣಕಾಲುಗಳೂ ಮುಷ್ಕರ ಹೂಡಿವೆ. ಅಂಗಳ ದಾಟುವುದೇ ಅವನಿಗೊಂದು ಊರು ದಾಟಿದಂತೆ.

"ಬಂತೇನು ಟಪಾಲು?" ಎಂದ ಅಜ್ಜ. ದಿನಾ ಕೇಳುವುದು ಹೀಗೇ. ಟಪಾಲು ಅಂದರೆ ರಸ್ತೆಯ ಸುದ್ದಿ. ದಾರಿಯ ಹೊಲದ ಸಿದ್ದವ್ವ ಏನಂದಳು, ರಸ್ತೆ ಬದಿಯ ಮನೆಯ ಮಹಾಲಿಂಗಪ್ಪನ ಎಮ್ಮೆ ಈಯಿತೋ ಇಲ್ಲವೋ, ಎಲ್ಲವನ್ನೂ ಶೀಲಾ ಹೇಳಬೇಕು. ಅಜ್ಜ ಕಣ್ಣು ಮುಚ್ಚಿ ಕೇಳುತ್ತಾನೆ.

ಇವತ್ತು ಶೀಲಾ ಸೈಕಲ್ ಸ್ಟ್ಯಾಂಡ್ ಹಾಕಿದವಳೇ ಫೋನು ನೋಡಿದಳು. ಹತ್ತು ಕಿಲೋಮೀಟರ್, ಅರವತ್ತೊಂದು ನಿಮಿಷ. ಇವತ್ತೂ ಒಂಬತ್ತು ಪಾಯಿಂಟ್ ಎಂಟು. ಅದು ಅಲ್ಲೇ ಬೇರು ಬಿಟ್ಟುಕೊಂಡು ಕೂತಿತ್ತು.

ಅವಳು ನೋಟ್‌ಬುಕ್ಕಿನ ಹಾಳೆ ಬಿಚ್ಚಿದಳು. "ಕೇಳಜ್ಜ. ಹೋಗೂಮುಂದ ಎಲಿಗೆ ನೀರು ಚಿಮುಕಿಸಾಕ ಬೋರಿನ ಹಂತೇಕ ಎರಡು ನಿಮಿಷ. ಸಿದ್ದವ್ವಾಯಿ ಹಂತೇಕ ನಾಕು. ಇಸ್ಮಾಯಿಲಜ್ಜನ ಅಂಗಡ್ಯಾಗ ಎಲಿ ಪೆಂಡಿ ಇಳಿಸಾಕ ಐದು. ಬರೂಮುಂದ ಮಹಾಲಿಂಗಪ್ಪಜ್ಜ ಮೂರು. ಮತ್ತ ಸಿದ್ದವ್ವಾಯಿ ಐದು. ಒಟ್ಟು ಹತ್ತೊಂಬತ್ತು!"

"ಸಿದ್ದವ್ವ ಎರಡು ಸಲ ಯಾಕ?"

"ಹೋಗೂಮುಂದ ಎಲ್ಲಿಗೆ ಹೊಂಟಿ ಅಂತಾಳ, ಬರೂಮುಂದ ಎಲ್ಲಿಗೆ ಹೋಗಿದ್ದಿ ಅಂತಾಳ! ದಿನಾ ಎಲಿ ಕೊಡಾಕ ಹೋಗೂದು ಆಕಿಗೆ ಗೊತ್ತಿಲ್ಲೇನು?"

ಅಜ್ಜ ನಕ್ಕ. "ಗೊತ್ತಿದ್ರೂ ಕೇಳೂದು ಮಾತು. ಕಾಲು ನೆಲಕ್ಕ ಊರಿ ಹೇಳೂದು ಮರ್ಯಾದಿ. ಎಲಿ ಮಾರೋರು ಮಂದೀನ ದಾಟಿ ಹೋಗಬಾರದವಾ. ಯಾರ ಮನ್ಯಾಗ ನಿಶ್ಚಯ, ಯಾರ ಮನ್ಯಾಗ ಬಸರಿ ಕುಬಸ, ಎಲ್ಲಾ ನಿಂತಾಗ ತಿಳಿಯೂದು."

ಅದು ನಿಜವೇ. ಮಹಾಲಿಂಗಪ್ಪ ಇವತ್ತು ಮೂರು ನಿಮಿಷ ನಿಲ್ಲಿಸಿ ಹೇಳಿದ್ದು ಅದನ್ನೇ. ನಾಳೆ ಹನ್ನೊಂದಕ್ಕೆ ಅವನ ಮೊಮ್ಮಗಳು ಪೂಜಾಳ ನಿಶ್ಚಯ. ಇಸ್ಮಾಯಿಲಸಾಬರ ಅಂಗಡಿಗೆ ಹೇಳಿದ್ದಾನೆ, ಎಳೆಯ ಎಲೆ ಬರಬೇಕು, ಅಪ್ಪನಿಗೆ ಹೇಳು.

"ಮರ್ಯಾದಿ ಮಾಡಿ ಮಾಡಿ ನಾ ಹಿಂದ ಬಿದ್ದೇನಿ," ಎಂದಳು ಶೀಲಾ. ಅವಳ ದನಿ ಏರಿತು. "ನಿನಗ ಸುದ್ದಿ ಬೇಕು, ಅವರಿಗೆ ಮಾತು ಬೇಕು. ನನಗ ಆಡೂರು ಬ್ಯಾಡೇನು?"

ಅಜ್ಜ ಫೋನಿನ ಕಡೆ ಬಗ್ಗಿ ನೋಡಿದ. "ನಿಂತದ್ದೂ ಲೆಕ್ಕಕ್ಕ ಹಿಡಿತೈತೇನು ಆ ಫೋನು?"

"ಎಲ್ಲಾ ಹಿಡಿತೈತಿ."

"ತುಳಿಯೂದು ಎಷ್ಟು ಜೋರು ಅಂತ ನೋಡಾಕ ನಿಂತದ್ದು ಯಾಕ ಬೇಕು? ವಿಚಿತ್ರ ಐತಿ." ಅವನು ಮೊಣಕಾಲು ತಿಕ್ಕಿಕೊಂಡ. "ಇರ್ಲಿ. ನಾಳಿ ನಿಂದರಬ್ಯಾಡ ಹಂಗಾದ್ರ. ಒಂದಿನ ಟಪಾಲು ಬರದಿದ್ರ ಏನೂ ಮುಳುಗಿ ಹೋಗೂದಿಲ್ಲ."

ಹೇಳುವಾಗ ಅವನು ತೋಟದ ಕಡೆ ನೋಡುತ್ತಿದ್ದ. ಶೀಲಾ ಹಾಳೆ ಮಡಚಿ ನೋಟ್‌ಬುಕ್ಕಿನೊಳಗೆ ಇಟ್ಟಳು. ಆದರೂ ಆಡೂರು ಆಡೂರೇ.

*

ಶುಕ್ರವಾರ ಮುಂಜಾನೆ ಏಳಕ್ಕೆ ಶೀಲಾ ಸಿದ್ಧ. ಇದೊಂದೇ ಅವಕಾಶ. ಮಧ್ಯಾಹ್ನ ಅವ್ವ ಹಿರೇಕೆರೂರಿನ ಅತ್ತೆಯ ಮನೆಗೆ ಹೊರಟಿದ್ದಳು, ಫೋನೂ ಅವಳ ಜೊತೆ ಹೊರಟಿತ್ತು.

ಅಪ್ಪ ಎರಡು ಪೆಂಡಿ ಕೊಟ್ಟ. ಒಂದು ಅಂಗಡಿಗೆ, ಒಂದು ನಿಶ್ಚಯಕ್ಕೆ; ಅದನ್ನೂ ಇಸ್ಮಾಯಿಲಸಾಬರೇ ಅಡಿಕೆ ಕೂಡಿಸಿ ಮಹಾಲಿಂಗಪ್ಪನ ಮನೆಗೆ ಕಳಿಸುವವರು. ಎರಡನ್ನೂ ಬಾಳೆಎಲೆಯಲ್ಲಿ ಸುತ್ತಿ ನಾರಿನಿಂದ ಕಟ್ಟಿತ್ತು. ದಿನಾ ಶೀಲಾ ಪೆಂಡಿಗಳನ್ನು ಕ್ಯಾರಿಯರ್ ಮೇಲಿಟ್ಟು, ಹಳೇ ಟ್ಯೂಬಿನ ಪಟ್ಟಿಯಿಂದ ಮೂರು ಸುತ್ತು ಸುತ್ತಿ ಗಂಟು ಹಾಕುತ್ತಿದ್ದಳು. ಇವತ್ತು ಎರಡೇ ಸುತ್ತು. ಗಂಟು ಹಾಕುವಾಗಲೇ ಅವಳ ಒಂದು ಕಾಲು ಪೆಡಲಿನ ಮೇಲಿತ್ತು.

ಆ್ಯಪ್ ಒತ್ತಿದಳು. ಹೊರಟಳು.

ಬೋರಿನ ಹತ್ತಿರ ನಿಲ್ಲಲಿಲ್ಲ. ತಂಪು ಹೊತ್ತು, ಎಲೆಗೆ ಏನೂ ಆಗುವುದಿಲ್ಲ ಎಂದುಕೊಂಡಳು. ಎರಡು ಕಿಲೋಮೀಟರ್ ಕಳೆದ ಮೇಲೆ ಸಿದ್ದವ್ವನ ಹೊಲ ಬಂತು. ಅಲ್ಲಿ ಅರ್ಧ ರಸ್ತೆಯ ಮೇಲೆ ಗೋವಿನಜೋಳ ಒಣಗಲು ಹರವಿತ್ತು. ಅದರ ಸುತ್ತ ಕಲ್ಲು ಸಾಲಾಗಿ ಇಟ್ಟಿದ್ದರು. ಜಾಲಿಮರದ ಕೆಳಗೆ ಕೋಲು ಹಿಡಿದು ಸಿದ್ದವ್ವ ಕಾವಲಿಗೆ ಕೂತಿದ್ದಳು.

"ಎಲ್ಲಿಗೆ ಹೊಂಟೀಯವಾ, ಶೀಲಾ?"

ಶೀಲಾ ಗಂಟೆ ಬಾರಿಸಿದಳು. ಟ್ರಿಣ್ ಟ್ರಿಣ್. ತಲೆ ಅಲ್ಲಾಡಿಸಿದಳು. ಜೋಳದ ಅಂಚಿನ ಕಲ್ಲೊಂದರ ಮೇಲೆ ಹಿಂದಿನ ಗಾಲಿ ಹತ್ತಿ ಧಡಕ್ಕೆಂದು ಇಳಿಯಿತು.

"ಏ ಶೀಲಾ! ನಿಂದರ! ನಿಂದರವಾ!"

ಹಿಂದಿನಿಂದ ಕೂಗು ಕೇಳುತ್ತಲೇ ಇತ್ತು. ಶೀಲಾ ತಿರುಗಲಿಲ್ಲ. ಇವತ್ತೊಂದು ದಿನ ಬಿಡು ಆಯಿ ಎಂದು ಮನಸ್ಸಿನಲ್ಲೇ ಅಂದಳು. ಕಾಲುವೆಯ ಸೇತುವೆಯ ಬಳಿ ದನ ಹೊಡೆದುಕೊಂಡು ಹೊರಟವನೂ ಅವಳ ಕಡೆ ಕೈ ಮಾಡಿ ಏನೋ ಹೇಳಿದ. ಎದುರು ಬಂದ ಮೋಟರ್‌ಸೈಕಲ್ಲಿನವನೂ ಹಿಂದೆ ತೋರಿಸಿದ. ಇಡೀ ರಸ್ತೆ ಸೇರಿ ತನ್ನನ್ನು ನಿಲ್ಲಿಸಲು ಸಂಚು ಮಾಡಿದೆ ಅನಿಸಿತು ಶೀಲಾಗೆ. ಅವಳು ಹಲ್ಲು ಕಚ್ಚಿ ತುಳಿದಳು.

ಬಸ್ ಸ್ಟ್ಯಾಂಡಿಗೆ ಬಂದಾಗ ಉಸಿರು ಮೇಲೆ ಕೆಳಗೆ. ಗುಲ್ನಾರ ಓಡಿ ಬಂದು ಫೋನು ನೋಡಿದಳು.

"ಹದಿನೈದು ಪಾಯಿಂಟ್ ಎರಡು! ಶೀಲಾ, ಹದಿನೈದು ಪಾಯಿಂಟ್ ಎರಡು!"

ಇಬ್ಬರೂ ಕೈ ಕೈ ಹಿಡಿದು ಕುಣಿದರು. ಬಾಳೆಹಣ್ಣಿನವನು ಮತ್ತೆ ತಿರುಗಿ ನೋಡಿದ.

"ಅರೆ ಬೇಟಿ," ಎಂದರು ಇಸ್ಮಾಯಿಲಸಾಬರು, ಕ್ಯಾರಿಯರ್ ಕಡೆ ನೋಡುತ್ತ. "ಒಂದ ಪೆಂಡಿ ಐತಲ್ಲ. ನಿಶ್ಚಯದ್ದು ಎಲ್ಲೈತಿ?"

ಶೀಲಾ ತಿರುಗಿದಳು. ಟ್ಯೂಬಿನ ಪಟ್ಟಿ ಸಡಿಲವಾಗಿ ನೇತಾಡುತ್ತಿತ್ತು.

ಆಗ ಅವಳಿಗೆ ಎಲ್ಲ ಕೂಗೂ ಒಟ್ಟಿಗೆ ಕೇಳಿಸಿತು. ಸಿದ್ದವ್ವನದು, ದನದವನದು, ಮೋಟರ್‌ಸೈಕಲ್ಲಿನವನದು. ಕಣ್ಣು ತುಂಬಿ ಬಂತು.

"ಬಿದ್ದೈತ್ರಿ ಅಜ್ಜಾ. ದಾರ್ಯಾಗ ಬಿದ್ದೈತಿ."

ಇಸ್ಮಾಯಿಲಸಾಬರು ಬೈಯಲಿಲ್ಲ. ಗೋಡೆಯ ಗಡಿಯಾರ ನೋಡಿದರು. "ಇನ್ನೂ ಎಂಟಾಗಿಲ್ಲ. ಹತ್ತರ ಒಳಗ ಸಿಕ್ಕರ ಆತು. ಮಹಾಲಿಂಗಪ್ಪಗ ಮಾತು ಕೊಟ್ಟೇನವಾ. ಎಲಿ ಇಲ್ದ ನಿಶ್ಚಯ ಹೆಂಗ ಆಗತೈತಿ?" ಅಷ್ಟೇ ಅಂದರು. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಶೀಲಾಗೆ.

ಅವಳು ಸೈಕಲ್ ತಿರುಗಿಸಿದಳು. ಗುಲ್ನಾರ ಹ್ಯಾಂಡಲ್ ಹಿಡಿದು ಪಿಸುಗುಟ್ಟಿದಳು, "ಕೇಳಿಲ್ಲೆ. ಹೆಂಗೂ ಹೊಳ್ಳಿ ಮನಿ ಕಡೆನ ಹೊಂಟಿ. ಇಷ್ಟ ಜೋರಾಗಿ ಮನಿತನಕ ಹೊಡದಬಿಡು. ಹತ್ತು ಕಿಲೋಮೀಟರ್ ಆಗತೈತಿ. ಸ್ಕ್ರೀನ್‌ಶಾಟ್ ತಕ್ಕೋ. ಆಮ್ಯಾಲ ಹೊಳ್ಳಿ ಬಂದು ಪೆಂಡಿ ಹುಡುಕು. ಬರೇ ಇಪ್ಪತ್ತು ನಿಮಿಷ!"

ಶೀಲಾ ಯೋಚಿಸಿದಳು. ಸುಳ್ಳೇಕೆ ಹೇಳಬೇಕು, ಚೆನ್ನಾಗಿಯೇ ಯೋಚಿಸಿದಳು. ಇಪ್ಪತ್ತು ನಿಮಿಷದಲ್ಲಿ ಏನು ಮಹಾ ಆದೀತು? ಬಿಸಿಲು ಏರಬಹುದು. ಡಾಂಬರಿನ ಮೇಲೆ ಬಿದ್ದ ಎಲೆ ಬಾಡಬಹುದು. ಒಂದು ಆಡು ಬಂದರೆ ಸಾಕು, ಇಪ್ಪತ್ತು ನಿಮಿಷವೂ ಬೇಕಿಲ್ಲ.

"ಜೋರಾಗಿ ಹೊಡದ್ರ ರಸ್ತೆ ಬಾಜೂಕ ಕಾಣಸೂದಿಲ್ಲ," ಎಂದಳು. ಫೋನು ಬುಟ್ಟಿಗೆ ಹಾಕಿ ಹೊರಟಳು.

ರಸ್ತೆಯ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಹುಲ್ಲಿನ ಪೊದೆ ಕಂಡಲ್ಲೆಲ್ಲ ಇಳಿದಳು. ಕಾಲುವೆ ಸೇತುವೆಯ ಹತ್ತಿರ ದನದವನು ಇನ್ನೂ ಇದ್ದ. "ಈಗ ನಿಂತ್ಯಾ? ಆಗ ಎಷ್ಟು ಒದರಿದೆ! ಹಿಂದ ಸಿದ್ದವ್ವ ಪೆಂಡಿ ಎತ್ತಿ ಹಿಡಕೊಂಡು ಕುಣ್ಯಾಕತ್ತಿದ್ಲು," ಎಂದ.

ಶೀಲಾಳ ಜೀವ ಮರಳಿ ಬಂತು. ಆದರೂ ಸಿದ್ದವ್ವನ ಮುಂದೆ ಹೇಗೆ ನಿಲ್ಲುವುದು?

ಸಿದ್ದವ್ವ ಗೋವಿನಜೋಳದ ನಡುವೆ ಕಾಲೆಳೆಯುತ್ತ ನಡೆಯುತ್ತಿದ್ದಳು. ಹಾಗೆ ನಡೆದರೆ ಕೆಳಗಿನ ಕಾಳು ಮೇಲೆ ಬಂದು ಬಿಸಿಲು ಕಾಣುತ್ತದೆ. ಶೀಲಾಳನ್ನು ನೋಡಿ ಅವಳು ಸೊಂಟಕ್ಕೆ ಕೈ ಇಟ್ಟಳು.

"ಬಂದ್ಲು ನೋಡ್ರಿ ವಿಮಾನದವ್ಳು! ಕೂಗಿ ಕೂಗಿ ನನ್ನ ಗಂಟಲು ಹರೀತಲ್ಲ. ಕಿವ್ಯಾಗ ಏನು ಹತ್ತಿ ಇಟ್ಕೊಂಡಿದ್ದಿ?"

"ತಪ್ಪಾತು ಆಯಿ," ಎಂದಳು ಶೀಲಾ. ಅವಳ ಎರಡೂ ಕಾಲು ನೆಲದ ಮೇಲಿದ್ದವು.

ಪೆಂಡಿ ಜಾಲಿಮರದ ನೆರಳಲ್ಲಿತ್ತು. ಸಿದ್ದವ್ವ ತಾನು ಕುಡಿಯಲು ತಂದ ನೀರಿನಲ್ಲಿ ತಲೆಯ ಮೇಲಿನ ವಸ್ತ್ರ ನೆನೆಸಿ ಅದಕ್ಕೆ ಸುತ್ತಿದ್ದಳು. ಬಾಳೆಎಲೆ ಒಂದು ಕಡೆ ಹರಿದಿತ್ತು, ಒಳಗಿನ ವೀಳ್ಯದೆಲೆ ತಂಪಾಗಿ, ಹಸಿರಾಗಿ ಇತ್ತು.

"ಟೆಂಪೋದವ್ನ ಕೈಯಾಗ ಕೊಟ್ಟು ಕಳಸ್ತಿದ್ದೆ. ಆದ್ರ ನೀ ಹೊಳ್ಳಿ ಬರ್ತಿ ಅಂತ ಗೊತ್ತಿತ್ತು. ಇಲ್ಲಿ ಇಲ್ಲ ಅಂದ್ರ ಗಾಬರಿ ಆಗ್ತಿದ್ದಿ." ಸಿದ್ದವ್ವ ಮುಖದ ಬೆವರು ಕೈಯಿಂದಲೇ ಒರೆಸಿಕೊಂಡಳು. ವಸ್ತ್ರ ಪೆಂಡಿಗೆ ಹೋಗಿತ್ತಲ್ಲ. "ಹೂಂ, ಈಗ ಹೇಳು. ಎಲ್ಲಿಗೆ ಹೊಂಟಿದ್ದಿ?"

ಶೀಲಾಗೆ ಅಳು, ನಗು ಎರಡೂ ಬಂದವು. "ಎಲಿ ಕೊಡಾಕ, ಆಯಿ."

"ಎಲಿ ಇಲ್ಲೇ ಬಿಟ್ಟು?" ಎಂದಳು ಸಿದ್ದವ್ವ.

*

ಒಂಬತ್ತು ಹೊಡೆಯುವ ಮೊದಲೇ ಪೆಂಡಿ ಅಂಗಡಿ ಮುಟ್ಟಿತು. ಈ ಸಲ ಮೂರು ಸುತ್ತು, ಎರಡು ಗಂಟು. ಇಸ್ಮಾಯಿಲಸಾಬರು ಎಲೆ ಬಿಡಿಸಿ ನೋಡಿ, ತಲೆದೂಗಿ, ನಿಶ್ಚಯದ ಮನೆಗೆ ಕಳಿಸಿದರು. ಫೋನು ಎಂಟು ಪಾಯಿಂಟ್ ಏಳು ತೋರಿಸುತ್ತಿತ್ತು. ಶೀಲಾ ಅದನ್ನು ಒಮ್ಮೆ ನೋಡಿ ಬುಟ್ಟಿಗೆ ಹಾಕಿದಳು. "ನಾನೂ ಆಡೂರಿಗೆ ಹೋಗೂದಿಲ್ಲ ತಗೋ," ಎಂದಳು ಗುಲ್ನಾರ. ಹೇಳಿದ್ದು ಮನಸ್ಸಿನಿಂದಲೇ, ಆದರೆ ಮುಖ ಮಾತ್ರ ಹುಳ್ಳಗಾಗಿತ್ತು.

ಅಷ್ಟರಲ್ಲಿ ಹಳದಿ ಅಂಗಿ ಬಂತು. ಅದರೊಳಗೆ ಮೃತ್ಯುಂಜಯ ಸರ್.

"ಸಾಬರ, ಒಂದ ಎಲಿ-ಅಡಿಕಿ ಕೊಡ್ರಿ. ಒಗ್ಗರಣಿ-ಮಿರ್ಚಿ ಜಾಸ್ತಿ ಆತು," ಎಂದು ಹೊಟ್ಟೆ ಸವರಿಕೊಂಡರು.

ಗುಲ್ನಾರ ಬಿಡುವವಳೇ? ಇದ್ದದ್ದೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಸರ್ ಫೋನು ಇಸಿದುಕೊಂಡರು. ಗುರುವಾರದ ಸವಾರಿ ತೆರೆದರು. ಹುಬ್ಬು ಗಂಟಿಕ್ಕಿದರು.

"ಇದರಾಗ ನಿಂತ ಹೊತ್ತೂ ಕೂಡೈತಲ್ಲವಾ!"

"ಎಲ್ಲಾರದೂ ಕೂಡಿರತೈತಿ ಅಲ್ರಿ ಸರ್?" ಎಂದಳು ಶೀಲಾ.

"ಇಲ್ಲ. ನಿಂತ ಕೂಡ್ಲೇ ಆ್ಯಪ್ ತಾನ ಗಡಿಯಾರ ನಿಲ್ಲಿಸಬೇಕು. ಎಲ್ಲಾರ ಫೋನಿನ್ಯಾಗೂ ಅದು ಆನ್ ಐತಿ, ನಿಂದರಾಗ ಅಷ್ಟ ಆಫ್ ಐತಿ. ನಾವು ನೋಡೂದು ಗಾಲಿ ತಿರುಗಿದ ಹೊತ್ತಿನ ಸರಾಸರಿ."

ಗುಲ್ನಾರಳ ಕಣ್ಣು ಅಗಲವಾದವು. "ಹೋದ ರವಿವಾರ ಮಿರ್ಚಿ ತಿನ್ನಾಕ ಮುಕ್ಕಾಲು ತಾಸು ಕುಂತಿದ್ವಲ್ರಿ, ಅದು?"

"ಅದು ಲೆಕ್ಕಕ್ಕಿಲ್ಲ."

"ಆಮ್ಯಾಲ ಚಹಾ ಕುಡದದ್ದು?"

"ಅದೂ ಇಲ್ಲ," ಎಂದರು ಸರ್, ಸ್ವಲ್ಪ ನಾಚಿ.

"ಹಂಗಾದ್ರ ನಾನೂ ನಿಮ್ಮ ಬಳಗಕ್ಕ ಬರ್ತೇನಿ ಸರ," ಎಂದರು ಇಸ್ಮಾಯಿಲಸಾಬರು. "ಕುಂತದ್ದು ಬಿಟ್ಟು ಲೆಕ್ಕ ಹಿಡದ್ರ ನಾ ಭಾಳ ಫಾಸ್ಟ್ ಅದೇನಿ."

ಸರ್ ನಕ್ಕು ಶೀಲಾಳ ಕಡೆ ತಿರುಗಿದರು. "ನಿನ್ನೆ ಎಷ್ಟು ಹೊತ್ತು ನಿಂತಿದ್ದಿ, ನೆನಪೈತೇನು?"

"ಹತ್ತೊಂಬತ್ತು ನಿಮಿಷ ರೀ," ಎಂದಳು ಶೀಲಾ ತಟ್ಟನೆ.

ಸರ್ ಫೋನಿನ ನಕಾಶೆಯಲ್ಲಿ ಅವಳು ನಿಂತ ಜಾಗಗಳನ್ನು ಬೆರಳಿಟ್ಟು ನೋಡಿದರು. ಅಲ್ಲಿಯೂ ಅಷ್ಟೇ ಇತ್ತು. ಅರವತ್ತೊಂದರಲ್ಲಿ ಹತ್ತೊಂಬತ್ತು ಕಳೆದರೆ ನಲವತ್ತೆರಡು. ನಲವತ್ತೆರಡು ನಿಮಿಷಕ್ಕೆ ಹತ್ತು ಕಿಲೋಮೀಟರ್ ಆದರೆ ಅರವತ್ತು ನಿಮಿಷಕ್ಕೆ ಎಷ್ಟು? ಗುಲ್ನಾರ ಅಜ್ಜನ ಕ್ಯಾಲ್ಕ್ಯುಲೇಟರ್ ಒತ್ತಿದಳು.

"ಹದಿನಾಲ್ಕು ಪಾಯಿಂಟ್ ಎರಡು ಎಂಟು!"

"ಹದಿನಾಲ್ಕು ಪಾಯಿಂಟ್ ಮೂರು ಅಂತ ಹಿಡಿ," ಎಂದರು ಸರ್. "ಹವ್ಯಾಸಕ್ಕ ಹೊಡಿಯೋ ದೊಡ್ಡವರದ ಹದಿನಾರು, ಹದಿನೆಂಟು ಬರತೈತಿ. ಈ ಸರ್ಕಾರಿ ಸೈಕಲ್ ಮ್ಯಾಲ ಹದಿನಾಲ್ಕು ಅಂದ್ರ ಕಡಿಮಿ ಅಲ್ಲವಾ. ರವಿವಾರ ಆರಕ್ಕ ಬಾ. ಆಡೂರು."

ಗುಲ್ನಾರ ಕಿರುಚಿದಳು. ಬಾಳೆಹಣ್ಣಿನವನು ಈಗ ತಿರುಗಿ ನೋಡುವುದನ್ನೇ ಬಿಟ್ಟಿದ್ದ.

ಶೀಲಾಗೂ ಸಂತೋಷವಾಯಿತು, ಕಿವಿಯವರೆಗೆ ನಗು ಬಂತು. ಆದರೆ ನಗುವಿನ ಹಿಂದೆಯೇ ಇನ್ನೊಂದು ಮಾತು ಬಂತು. ನಿನ್ನೆ ಎಲ್ಲರ ಹತ್ತಿರ ನಿಂತಾಗಲೂ ತನ್ನ ವೇಗ ಹದಿನಾಲ್ಕೇ ಇತ್ತು. ಹಾಗಾದರೆ ಇವತ್ತು ಓಡಬೇಕಾಗಿಯೇ ಇರಲಿಲ್ಲ. ಸಿದ್ದವ್ವಾಯಿಯ ಗಂಟಲು ಹರಿಯಬೇಕಾಗಿರಲಿಲ್ಲ. ಅಜ್ಜ ಕೇಳಿದ್ದೂ ಅದನ್ನೇ ಅಲ್ಲವೇ?

ಸರ್ ಅವಳ ಫೋನಿನಲ್ಲಿ ಆ ಗುಂಡಿಯನ್ನು ಆನ್ ಮಾಡಿ, ಎಲ್ಲಿದೆ ಎಂದು ತೋರಿಸಿಕೊಟ್ಟರು.

*

ಮನೆಗೆ ಹೊರಡುವಾಗ ಶೀಲಾ ಹೊಸದಾಗಿ ಆ್ಯಪ್ ಒತ್ತಿದಳು. ದಾರಿಯಲ್ಲಿ ಮಹಾಲಿಂಗಪ್ಪ ಹೊಸ ಧೋತರ ಉಟ್ಟು ಬಾಗಿಲಲ್ಲಿ ನಿಂತಿದ್ದ. ಎಲೆ ಬಹಳ ಚಲೋ ಬಂದಿವೆ ಎಂದ. ಎಮ್ಮೆ ರಾತ್ರಿ ಈದಿದೆ, ಹೆಣ್ಣುಗರು ಎಂದ. ಅವಳ ಕೈಗೆ ನಿಶ್ಚಯದ ಲಾಡು ಇಟ್ಟ.

ಸಿದ್ದವ್ವನ ಹತ್ತಿರ ಬಂದಾಗ ಅವಳು ಕೇಳುವ ಮೊದಲೇ ಶೀಲಾ ಇಳಿದಳು. ಲಾಡು ಅರ್ಧ ಮಾಡಿ ಕೊಟ್ಟಳು. ಚಪ್ಪಲಿ ಬಿಟ್ಟು ಜೋಳದ ನಡುವೆ ಕಾಲೆಳೆಯುತ್ತ ನಡೆದಳು. ಬಿಸಿ ಕಾಳು ಬೆರಳ ಸಂದಿಯಲ್ಲಿ ಸರಿದು ಕಚಗುಳಿ ಇಟ್ಟಿತು. ಸಿದ್ದವ್ವ ಲಾಡು ತಿನ್ನುತ್ತ ತನ್ನ ಮದುವೆಯ ಕತೆ ತೆಗೆದಳು. ಆಗ ಎಲೆ ತಂದವನು ನಿಮ್ಮಜ್ಜನೇ, ಸೈಕಲ್ಲಿನ ಮೇಲೆ, ಮಳೆಯಲ್ಲಿ, ಎಂದಳು. ಇದನ್ನು ಅಜ್ಜ ಎಂದೂ ಹೇಳಿರಲಿಲ್ಲ.

ಎಷ್ಟು ಹೊತ್ತಾಯಿತೋ ಎಂದು ಶೀಲಾ ಫೋನು ತೆಗೆದಳು. ಹದಿಮೂರು ನಿಮಿಷ ಎಂದಿತ್ತು. ಸೈಕಲ್ ಇಳಿದಾಗಲೂ ಹದಿಮೂರೇ ಇತ್ತು. ಜಾಲಿಮರದ ನೆರಳು ಮಾತ್ರ ಸಿದ್ದವ್ವನ ಮೊಣಕಾಲಿನಿಂದ ಪಾದಕ್ಕೆ ಸರಿದಿತ್ತು. ಫೋನಿನ ಪ್ರಕಾರ ಲಾಡು ಇಲ್ಲ, ಮದುವೆ ಇಲ್ಲ, ಮಳೆಯಲ್ಲಿ ಬಂದ ಅಜ್ಜನೂ ಇಲ್ಲ.

ಶೀಲಾ ಸರ್ ತೋರಿಸಿದ ಗುಂಡಿ ಹುಡುಕಿ ಆಫ್ ಮಾಡಿದಳು. ರವಿವಾರ ಮತ್ತೆ ಹಚ್ಚಿಕೊಂಡರಾಯಿತು.

"ಏನವಾ ಅದು?" ಎಂದಳು ಸಿದ್ದವ್ವ.

"ಏನಿಲ್ಲ ಆಯಿ. ಆಮ್ಯಾಲ ಏನಾತು, ಹೇಳು."

ಮನೆಗೆ ಬಂದಾಗ ಅಜ್ಜ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಟಪಾಲು ಬಂತೇನು ಎಂದು ಕೇಳಲಿಲ್ಲ. "ಎಷ್ಟು ಬಂತು?" ಎಂದಷ್ಟೇ ಕೇಳಿದ.

"ಏಳು ಪಾಯಿಂಟ್ ಒಂಬತ್ತು."

ಅಜ್ಜ ಗಾಬರಿಯಿಂದ ಎದ್ದು ಕೂತ. "ಅಯ್ಯ! ಇನ್ನೂ ಇಳೀತಲ್ಲ! ಆಡೂರು?"

"ಆಡೂರಿಗೆ ಹೊಂಟೇನಿ ಅಜ್ಜ. ಅದರ ಲೆಕ್ಕ ಬ್ಯಾರೆ." ಶೀಲಾ ಹೊರಸಿನ ತುದಿಗೆ ಕೂತಳು. "ಇವತ್ತು ಟಪಾಲು ಭಾಳ ಒಜ್ಜಿ ಇತ್ತು. ಅದಕ್ಕ ತಡಾ ಆತು."

ಅಜ್ಜ ಕಾಲು ಮಡಚಿ ಅವಳಿಗೆ ಇನ್ನಷ್ಟು ಜಾಗ ಮಾಡಿದ. ಮೊಣಕಾಲು ಕಟಕ್ಕೆಂದಿತು.

"ಮೊದಲ ಯಾವುದು ಹೇಳ್ಲಿ?" ಎಂದಳು ಶೀಲಾ. "ಮಹಾಲಿಂಗಪ್ಪಜ್ಜನ ಎಮ್ಮಿದೋ, ಸಿದ್ದವ್ವಾಯಿ ಮದುವಿದೋ?"

ಅಜ್ಜ ಆಗಲೇ ಕಣ್ಣು ಮುಚ್ಚಿದ್ದ.